ದಿವಾಳಿ ಆದೇಶದಿಂದ ಡಿಸ್ಚಾರ್ಜ್‌ವರೆಗೆ: ನಡುವಿನ ಕಾಲದಲ್ಲಿ ಏನೇನು ಮಾಡಬೇಕು

"ಐಪಿ ಹಾಕಿ ಆಯ್ತು, ಕೋರ್ಟು ದಿವಾಳಿ ಅಂತ ಘೋಷಿಸಿಯೂ ಆಯ್ತು, ಇನ್ನು ಯಾರೂ ನನ್ನನ್ನ ಕೇಳೋ ಹಾಗಿಲ್ಲ." ಐಪಿ, ಅಂದರೆ ದಿವಾಳಿ ಅರ್ಜಿ, ಹಾಕಿ ಹೀಗೆಂದುಕೊಂಡು ಮನೆಗೆ ಹೋದವರಲ್ಲಿ ಎಷ್ಟೋ ಜನ ಮತ್ತೆ ಕೋರ್ಟಿನ ಕಡೆ ತಲೆ ಹಾಕುವುದಿಲ್ಲ. ಕೊನೆಗೆ ಒಂದು ದಿನ ಅದೇ ಹಳೆಯ ಸಾಲಗಳು, ಅದೇ ಅಮೀನ, ಅದೇ ಜಪ್ತಿ ಬಾಗಿಲಿಗೆ ಬರುತ್ತವೆ. ದಿವಾಳಿ ಆದೇಶದಿಂದ ಸಾಲ ತೀರುವುದಿಲ್ಲ. ಸಾಲದಿಂದ ಬಿಡಿಸುವುದು ಅದಾದ ಮೇಲೆ ಬರುವ ಇನ್ನೊಂದು ಆದೇಶ. ಕೋರ್ಟಿನ ಆವರಣದಲ್ಲಿ ಅದನ್ನು ಎಲ್ಲರೂ ಡಿಸ್ಚಾರ್ಜ್ ಎಂದೇ ಕರೆಯುತ್ತಾರೆ. ಕರ್ನಾಟಕದಲ್ಲಿ ಅದು ತಾನಾಗಿ ಬರುವುದಿಲ್ಲ. ನೀವೇ ಅರ್ಜಿ ಹಾಕಿ, ಅದೂ ಕೋರ್ಟು ಹೇಳಿದ ಅವಧಿಯೊಳಗೆ ಹಾಕಿ, ಕೇಳಿ ಪಡೆಯಬೇಕು. ಈ ಒಂದು ವಿಷಯ ಗೊತ್ತಿಲ್ಲದೆ ಮನೆ, ಸೈಟು ಕಳೆದುಕೊಂಡ ಮೇಲೂ ಸಾಲ ಹಾಗೇ ಉಳಿಸಿಕೊಂಡವರಿದ್ದಾರೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಿಮಗೆ ಅನ್ವಯಿಸುವ ಕಾನೂನು ಯಾವುದು?

ಅಂತರ್ಜಾಲದಲ್ಲಿ ಹುಡುಕಿದರೆ "ಒಂದು ವರ್ಷ ಕಾದರೆ ಸಾಕು, ತಾನಾಗಿ ಬಿಡುಗಡೆ" ಎಂಬ ಮಾತು ಸಿಗುತ್ತದೆ. ಅದು ಇಂಗ್ಲೆಂಡಿನ ವ್ಯವಸ್ಥೆ. ಅಲ್ಲಿ ಸಾಮಾನ್ಯವಾಗಿ 12 ತಿಂಗಳಿಗೆ ತಾನಾಗಿ ಡಿಸ್ಚಾರ್ಜ್ ಆಗುತ್ತದೆ. ನಮ್ಮಲ್ಲೂ 2016ರ ದಿವಾಳಿ ಸಂಹಿತೆ, ಅಂದರೆ ಐಬಿಸಿ, ಇಂಥದ್ದೇ ಒಂದು ವ್ಯವಸ್ಥೆ ಮಾಡಿದೆ. ಅದರ 138ನೇ ಕಲಂ ಪ್ರಕಾರ ದಿವಾಳಿ ಪ್ರಕ್ರಿಯೆ ಶುರುವಾಗಿ ಒಂದು ವರ್ಷ ತುಂಬಿದಾಗ, ಅಥವಾ ಆಸ್ತಿ ವಿಲೇವಾರಿ ಅದಕ್ಕೂ ಮೊದಲೇ ಮುಗಿದರೆ ಆಗಲೇ, ಆಸ್ತಿ ನೋಡಿಕೊಳ್ಳುವ ಟ್ರಸ್ಟಿಯೇ ಡಿಸ್ಚಾರ್ಜ್‌ಗೆ ಅರ್ಜಿ ಹಾಕಬೇಕು. ಆದರೆ ವ್ಯಕ್ತಿಗಳಿಗೆ ಸಂಬಂಧಿಸಿದ ಆ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಾದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಹಾಗೆ ಜಾರಿ ಮಾಡಿದ ಸರ್ಕಾರದ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕಿರಾಣಿ ಅಂಗಡಿಯವರು, ಲಾರಿ ಮಾಲೀಕರು, ಸಂಬಳದ ನೌಕರರು, ಗುತ್ತಿಗೆದಾರರಿಗೆ ಅದಿನ್ನೂ ಬಂದಿಲ್ಲ.

ಅವರಿಗೆಲ್ಲ ಇಂದಿಗೂ ಇರುವುದು 1920ರ ಪ್ರಾವಿನ್ಷಿಯಲ್ ಇನ್ಸಾಲ್ವೆನ್ಸಿ ಆಕ್ಟ್. ಜಿಲ್ಲಾ ನ್ಯಾಯಾಲಯ, ಅಥವಾ ಸರ್ಕಾರ ಅಧಿಕಾರ ಕೊಟ್ಟಿರುವ ಕೆಳಗಿನ ಸಿವಿಲ್ ನ್ಯಾಯಾಲಯ ಇದನ್ನು ನಡೆಸುತ್ತದೆ. ಮುಂಬಯಿ, ಚೆನ್ನೈ, ಕೋಲ್ಕತ್ತಾ ನಗರಗಳಿಗೆ 1909ರ ಬೇರೊಂದು ಕಾಯ್ದೆ ಇದ್ದು, ಅಲ್ಲಿ ಪ್ರಕರಣ ಹೈಕೋರ್ಟಿನಲ್ಲಿ ನಡೆಯುತ್ತದೆ. ಮುಂಬಯಿಯಲ್ಲಿ ಹೋಟೆಲು ನಡೆಸುವ ಕನ್ನಡಿಗರು ಇದನ್ನು ಗಮನಿಸಬೇಕು. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ 1920ರ ಕಾಯ್ದೆಯ ಬಗ್ಗೆ.

ಮೊದಲ ಕೆಲಸ: ಆದೇಶದ ಪ್ರತಿ ಪಡೆದು ಅವಧಿಯನ್ನು ಹುಡುಕಿ

ದಿವಾಳಿ ಎಂದು ಘೋಷಿಸುವಾಗಲೇ, ಡಿಸ್ಚಾರ್ಜ್‌ಗೆ ಎಷ್ಟು ಕಾಲದೊಳಗೆ ಅರ್ಜಿ ಹಾಕಬೇಕು ಎಂಬುದನ್ನೂ ಕೋರ್ಟು ಆದೇಶದಲ್ಲಿ ಬರೆಯಬೇಕು. 27ನೇ ಕಲಂ ಹಾಗೆ ಹೇಳುತ್ತದೆ. ಆರು ತಿಂಗಳೋ, ಒಂದು ವರ್ಷವೋ, ಅದು ನ್ಯಾಯಾಧೀಶರ ವಿವೇಚನೆ. ಆದೇಶದ ದೊಡ್ಡ ಭಾಗ ನಿಮ್ಮ ಸಾಲದ ಕಥೆಯೇ ಆಗಿರುತ್ತದೆ. ಈ ಅವಧಿಯ ಸಾಲು ಕೊನೆಯಲ್ಲಿ, ಒಂದೇ ವಾಕ್ಯದಲ್ಲಿ ಬಂದು ಹೋಗಿರುತ್ತದೆ.

ಹಾಗಾಗಿ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ಆದೇಶದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಮೂರು ನಾಲ್ಕು ಪ್ರತಿ ಇರಲಿ, ಮುಂದೆ ಬೇಕಾಗುತ್ತವೆ. ಅವಧಿ ಮುಗಿಯುವ ದಿನವನ್ನು ಲೆಕ್ಕ ಹಾಕಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಫೋನಿನಲ್ಲೂ ಹಾಕಿಕೊಳ್ಳಿ, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ. ವಕೀಲರಿಗೆ ನೂರು ಪ್ರಕರಣ ಇರುತ್ತವೆ, ನಿಮಗಿರುವುದು ಒಂದೇ. ಈ ದಿನಾಂಕವನ್ನು ಕಾಯುವ ಹೊಣೆ ನಿಮ್ಮದು.

ಆದೇಶದಲ್ಲಿ ಅವಧಿಯೇ ಕಾಣದಿದ್ದರೆ ಸುಮ್ಮನಿರಬೇಡಿ. 30ನೇ ಕಲಂ ಪ್ರಕಾರ ರಾಜ್ಯಪತ್ರದಲ್ಲಿ ಪ್ರಕಟವಾಗುವ ನೋಟಿಸಿನಲ್ಲೂ ನಿಮ್ಮ ಹೆಸರು, ವಿಳಾಸ, ಆದೇಶದ ದಿನಾಂಕದ ಜೊತೆಗೆ ಈ ಅವಧಿ ಇರಬೇಕು. ಅಲ್ಲೂ ಇಲ್ಲವಾದರೆ ವಕೀಲರ ಮೂಲಕ ಮೆಮೊ ಹಾಕಿಸಿ ಕೋರ್ಟಿನಿಂದ ಸ್ಪಷ್ಟಪಡಿಸಿಕೊಳ್ಳಿ.

ಪ್ರಕರಣದ ಸಿಎನ್‌ಆರ್ ಸಂಖ್ಯೆಯನ್ನೂ ಕೇಳಿ ಬರೆದುಕೊಳ್ಳಿ. ಅಕ್ಷರ, ಅಂಕಿ ಸೇರಿ 16 ಇರುತ್ತವೆ. ಇ-ಕೋರ್ಟ್ಸ್ ಸರ್ವೀಸಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವಾಗ, ಹಿಂದಿನ ವಾಯಿದೆಯಲ್ಲಿ ಏನಾಯಿತು ಎಂಬುದು ಮನೆಯಲ್ಲೇ ಕೂತು ಗೊತ್ತಾಗುತ್ತದೆ.

ದಿನಾಂಕದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ 43ನೇ ಕಲಂ. ಅವಧಿಯೊಳಗೆ ಅರ್ಜಿ ಹಾಕದಿದ್ದರೆ, ಅಥವಾ ಅರ್ಜಿ ಹಾಕಿಯೂ ವಿಚಾರಣೆಯ ದಿನ ಹಾಜರಾಗದಿದ್ದರೆ, ದಿವಾಳಿ ಆದೇಶವೇ ರದ್ದಾಗುತ್ತದೆ. ರದ್ದಾದರೆ ಅಷ್ಟರೊಳಗೆ ರಿಸೀವರ್, ಅಂದರೆ ನಿಮ್ಮ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದವರು, ಮಾಡಿದ ಮಾರಾಟಗಳು, ಹಂಚಿದ ಹಣ ಎಲ್ಲವೂ 37ನೇ ಕಲಂ ಪ್ರಕಾರ ಊರ್ಜಿತವಾಗಿ ಉಳಿಯುತ್ತವೆ. ಅಂದರೆ ಮಾರಿ ಹೋದ ಸೈಟು ಹಿಂದಕ್ಕೆ ಬರುವುದಿಲ್ಲ, ಬಾಕಿ ಸಾಲಕ್ಕೆ ಮಾತ್ರ ನೀವು ಮತ್ತೆ ಹೊಣೆ. ಜೈಲಿನಿಂದ ಬಿಡುಗಡೆಯಾಗಿದ್ದವರನ್ನು ಮತ್ತೆ ಜೈಲಿಗೆ ಕಳಿಸುವ ಅಧಿಕಾರವೂ ಕೋರ್ಟಿಗಿದೆ. ಹೊಸದಾಗಿ ದಿವಾಳಿ ಅರ್ಜಿ ಹಾಕೋಣ ಎಂದರೆ, ಹೀಗೆ ರದ್ದಾದವರು ಮೊದಲು ಕೋರ್ಟಿನ ಅನುಮತಿ ಪಡೆಯಬೇಕು.

ಕಾಯಿಲೆ, ರಿಸೀವರ್ ಕೆಲಸ ಮುಗಿಯದಿರುವುದು ಮುಂತಾದ ಸರಿಯಾದ ಕಾರಣವಿದ್ದರೆ ಅವಧಿ ವಿಸ್ತರಿಸಲು ಕೋರ್ಟಿಗೆ ಅಧಿಕಾರವಿದೆ. ಆ ಅರ್ಜಿಯನ್ನು ಅವಧಿ ಮುಗಿಯುವ ಮೊದಲೇ ಹಾಕಿ, ಕಾರಣಕ್ಕೆ ದಾಖಲೆ ಜೋಡಿಸಿ.

ಸಿಗುವ ರಕ್ಷಣೆ ಎಷ್ಟು, ಸಿಗದ್ದು ಯಾವುದು

ದಿವಾಳಿ ಆದೇಶವಾದ ಮೇಲೆ, ದಿವಾಳಿಯಲ್ಲಿ ಸೇರಿದ ಸಾಲಕ್ಕಾಗಿ ಯಾರೂ ಕೋರ್ಟಿನ ಅನುಮತಿಯಿಲ್ಲದೆ ನಿಮ್ಮ ಮೇಲೆ ಹೊಸ ದಾವೆ ಹೂಡುವಂತಿಲ್ಲ. ಇದು 28ನೇ ಕಲಂ. ಬಂಧನದಿಂದ ರಕ್ಷಣೆ ಮಾತ್ರ ಇದರ ಜೊತೆಗೇ ಬರುತ್ತದೆಂದು ತಿಳಿಯಬೇಡಿ. ಹಣದ ಡಿಕ್ರಿಗೆ ಸಿವಿಲ್ ಜೈಲಿಗೆ ಹಾಕಿಸುವ ಬೆದರಿಕೆ ಇದ್ದರೆ 31ನೇ ಕಲಂ ಕೆಳಗೆ ಬೇರೆ ಅರ್ಜಿ ಹಾಕಿ ರಕ್ಷಣೆಯ ಆದೇಶ ಪಡೆಯಬೇಕು. ಸಾಲ ಕೊಟ್ಟವರು ಅದಕ್ಕೆ ತಕರಾರು ಹಾಕಬಹುದು. ಆದೇಶ ಸಿಕ್ಕರೆ ಅದರ ಪ್ರತಿ ಯಾವಾಗಲೂ ನಿಮ್ಮ ಬಳಿ ಇರಲಿ.

ಮನೆ ಅಡ ಇಟ್ಟು ಪಡೆದ ಬ್ಯಾಂಕ್ ಸಾಲ, ಒಡವೆ ಸಾಲ, ವಾಹನದ ಸಾಲ, ಇವುಗಳಿಗೆ ದಿವಾಳಿ ಆದೇಶ ಅಡ್ಡ ಬರುವುದಿಲ್ಲ. ಅಡಮಾನ ಇಟ್ಟುಕೊಂಡವರು ತಮ್ಮ ಭದ್ರತೆಯನ್ನು ಮಾರಿ ಹಣ ಪಡೆಯುವ ಹಕ್ಕು ಹಾಗೇ ಇರುತ್ತದೆ. ಚೆಕ್ ಬೌನ್ಸ್ ಕೇಸು ಕ್ರಿಮಿನಲ್ ಪ್ರಕರಣ. "ನಾನೀಗ ದಿವಾಳಿ" ಎಂದಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಅದರ ಸಮನ್ಸ್ ಬಂದರೆ ತಪ್ಪದೆ ಹಾಜರಾಗಿ, ಇಲ್ಲದಿದ್ದರೆ ವಾರಂಟ್ ಹೊರಡುತ್ತದೆ.

ವಸೂಲಿಗೆ ಬರುವವರ ವಿಷಯ. ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕುಗಳ, ಫೈನಾನ್ಸ್ ಕಂಪನಿಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲ ಪಡೆದವರಿಗೆ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ನಾಲ್ಕು ಜನರೆದುರು ಅವಮಾನ ಮಾಡುವಂತಿಲ್ಲ. ಕರ್ನಾಟಕ ಸರ್ಕಾರ 2025ರಲ್ಲಿ ಕಿರುಸಾಲಗಳ ಬಲವಂತದ ವಸೂಲಿ ತಡೆಯಲು ಪ್ರತ್ಯೇಕ ಕಾನೂನನ್ನೇ ತಂದಿದೆ. ಬಂದವರ ಕೈಗೆ ದಿವಾಳಿ ಆದೇಶದ ಒಂದು ಜೆರಾಕ್ಸ್ ಪ್ರತಿ, ಕೋರ್ಟಿನ ಹೆಸರು, ಪ್ರಕರಣದ ಸಂಖ್ಯೆ ಕೊಟ್ಟು, "ಏನಿದ್ದರೂ ರಿಸೀವರ್ ಮುಂದೆ ಹೇಳಿ" ಎನ್ನಿ. ಹೊಡೆತ ಬಡಿತಕ್ಕೆ ಇಳಿದರೆ 112ಕ್ಕೆ ಕರೆ ಮಾಡಿ.

ಗದ್ದಲ ತಾಳಲಾಗದೆ ಒಬ್ಬರಿಗೆ ಮಾತ್ರ ಗುಟ್ಟಾಗಿ ಹಣ ಕೊಟ್ಟು ಬಾಯಿ ಮುಚ್ಚಿಸಬೇಡಿ. ಅದು ಉಳಿದವರಿಗೆ ಮಾಡಿದ ಅನ್ಯಾಯವಾಗುತ್ತದೆ, ಡಿಸ್ಚಾರ್ಜ್ ವಿಚಾರಣೆಯಲ್ಲಿ ನಿಮ್ಮ ವಿರುದ್ಧವೇ ನಿಲ್ಲುತ್ತದೆ.

ರಿಸೀವರ್ ಜೊತೆಗಿನ ವ್ಯವಹಾರ

ಆದೇಶವಾದ ಕೂಡಲೇ ನಿಮ್ಮ ಆಸ್ತಿಯೆಲ್ಲ ಕೋರ್ಟಿನ, ಅಥವಾ ಕೋರ್ಟು ನೇಮಿಸಿದ ರಿಸೀವರ್‌ನ ವಶಕ್ಕೆ ಸೇರುತ್ತದೆ. ರಿಸೀವರ್ ಅದನ್ನು ಮಾರಿ, ಖರ್ಚು ಕಳೆದು, ಕಾನೂನು ಹೇಳಿದ ಕ್ರಮದಲ್ಲಿ ಹಂಚುತ್ತಾರೆ. ಸರ್ಕಾರದ ಬಾಕಿಗೆ ಅಲ್ಲಿ ಮೊದಲ ಸಾಲಿನಲ್ಲೇ ಜಾಗ. ಎಲ್ಲರಿಗೂ ಪೂರ್ತಿ ಕೊಟ್ಟ ಮೇಲೂ ಏನಾದರೂ ಮಿಕ್ಕರೆ ಅದು ನಿಮಗೇ ಹಿಂತಿರುಗಬೇಕು.

ಕಾಯುವ ಕಾಲದಲ್ಲಿ ನಿಮ್ಮ ಭವಿಷ್ಯ ನಿಂತಿರುವುದು ಬಹುಪಾಲು ರಿಸೀವರ್ ಬರೆಯುವ ವರದಿಯ ಮೇಲೆ. ಡಿಸ್ಚಾರ್ಜ್ ವಿಚಾರಣೆಯಲ್ಲಿ ಆ ವರದಿಯನ್ನೇ ಸಾಕ್ಷ್ಯವಾಗಿ ನೋಡುತ್ತಾರೆ. ಆದ್ದರಿಂದ 22ನೇ ಕಲಂ ಹೇಳುವ ಕರ್ತವ್ಯಗಳನ್ನು ಕೇಳುವ ಮೊದಲೇ ಮಾಡಿ ಮುಗಿಸಿ: ಲೆಕ್ಕದ ಪುಸ್ತಕಗಳನ್ನು ಒಪ್ಪಿಸುವುದು, ಆಸ್ತಿಯ ಪಟ್ಟಿ ಕೊಡುವುದು, ನೀವು ಕೊಡಬೇಕಾದವರ ಮತ್ತು ನಿಮಗೆ ಕೊಡಬೇಕಾದವರ ಪಟ್ಟಿ ಕೊಡುವುದು, ಕರೆದಾಗ ಹೋಗಿ ಪ್ರಶ್ನೆಗಳಿಗೆ ಉತ್ತರಿಸುವುದು. ಬೇಕೆಂದೇ ಇದನ್ನು ತಪ್ಪಿಸಿದರೆ, ಆಸ್ತಿ ಅಥವಾ ಪುಸ್ತಕ ಬಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.

ಒಂದು ಫೈಲು ಮಾಡಿ. ಅದರಲ್ಲಿ ಜಮೀನಿದ್ದರೆ ಪಹಣಿ, ಮನೆ ಅಥವಾ ಸೈಟಿದ್ದರೆ ಖಾತೆ ಪ್ರತಿ ಮತ್ತು ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ, ಎಲ್ಲ ಬ್ಯಾಂಕ್ ಖಾತೆಗಳ ಸ್ಟೇಟ್‌ಮೆಂಟ್, ವಿಮೆ ಪಾಲಿಸಿಗಳು, ಜಿಎಸ್‌ಟಿ ಮತ್ತು ಆದಾಯ ತೆರಿಗೆ ರಿಟರ್ನ್‌ಗಳು ಇರಲಿ. ಸಾಲ ಕೊಟ್ಟವರ ಪಟ್ಟಿಯಲ್ಲಿ ಬ್ಯಾಂಕು, ಫೈನಾನ್ಸ್ ಅಷ್ಟೇ ಬರೆದು ನಿಲ್ಲಿಸಬೇಡಿ. ಕೈಸಾಲ, ಚೀಟಿ ಎತ್ತಿ ಕಟ್ಟಬೇಕಾದ ಕಂತು, ಮಂಡಿ ಸಾಹುಕಾರರ ಮುಂಗಡ, ಅಕ್ಕನ ಗಂಡನಿಂದ ಪಡೆದದ್ದು, ಕ್ರೆಡಿಟ್ ಕಾರ್ಡ್, ಫೋನ್ ಆ್ಯಪಿನ ಸಾಲ, ಎಲ್ಲವೂ ಬರಲಿ. ನೆಂಟರ ಸಾಲವನ್ನು ಪಟ್ಟಿಗೆ ಸೇರಿಸಲು ನಮ್ಮವರಿಗೆ ಸಂಕೋಚ. "ಅವರಿಗೆ ಆಮೇಲೆ ಹೇಗಾದರೂ ಕೊಡ್ತೀನಿ" ಎನ್ನುತ್ತಾರೆ. ಆದರೆ ಪಟ್ಟಿಯಲ್ಲಿಲ್ಲದ ನೆಂಟರಿಗೆ ರಿಸೀವರ್ ಹಂಚುವ ಹಣದಲ್ಲಿ ಪಾಲು ಸಿಗುವುದಾದರೂ ಹೇಗೆ? ಅವರ ಹೆಸರು ಬರೆಯುವುದೇ ಅವರಿಗೆ ನೀವು ತೋರುವ ಮರ್ಯಾದೆ. ಡಿಸ್ಚಾರ್ಜ್ ಆಗುವವರೆಗೂ ಸಾಲ ಕೊಟ್ಟವರು ತಮ್ಮ ಸಾಲವನ್ನು ರುಜುವಾತು ಮಾಡಿ ಪಟ್ಟಿಗೆ ಸೇರಬಹುದು. ಹಾಗಾಗಿ ಮರೆತ ಹೆಸರು ನೆನಪಾದರೆ ಕೂಡಲೇ ಬರೆದು ತಿಳಿಸಿ.

ದಿವಾಳಿಗೆ ಮುಂಚೆ ಹೆಂಡತಿಯ ಹೆಸರಿಗೆ, ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟಿದ್ದರೆ? ಇದು ತುಂಬ ಕಡೆ ನಡೆಯುತ್ತದೆ. ಹಣ ಪಡೆಯದೆ ಮಾಡಿದ ಅಂಥ ವರ್ಗಾವಣೆಯಾಗಿ 2 ವರ್ಷದೊಳಗೆ ದಿವಾಳಿ ಅರ್ಜಿ ಬಿದ್ದಿದ್ದರೆ ರಿಸೀವರ್ ಅದನ್ನು ರದ್ದು ಮಾಡಿಸಬಹುದು. ಅರ್ಜಿಗೆ ಹಿಂದಿನ 3 ತಿಂಗಳೊಳಗೆ ಒಬ್ಬರಿಗೆ ಮಾತ್ರ ಮೇಲುಗೈ ಆಗುವಂತೆ ಕೊಟ್ಟ ಹಣವನ್ನೂ ಹಿಂದಕ್ಕೆ ತರಿಸಬಹುದು. ಇವು ರಿಸೀವರ್ ಹುಡುಕಿ ಹೊರತೆಗೆಯುವ ಮೊದಲೇ ನೀವಾಗಿ ಹೇಳಿದರೆ ಆಸ್ತಿ ಹೋದರೂ ನಿಮ್ಮ ಮೇಲಿನ ನಂಬಿಕೆ ಉಳಿಯುತ್ತದೆ. ಡಿಸ್ಚಾರ್ಜ್ ಹೊತ್ತಿಗೆ ಆ ನಂಬಿಕೆಗೆ ಆಸ್ತಿಗಿಂತ ಹೆಚ್ಚು ಬೆಲೆ ಇರುತ್ತದೆ.

ಏನು ಕೊಟ್ಟರೂ ಕಾಗದದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮನೆ ಬದಲಿಸಿದರೆ ಹೊಸ ವಿಳಾಸವನ್ನು ರಿಸೀವರ್‌ಗೂ ಕೋರ್ಟಿಗೂ ತಿಳಿಸಿ. ಹಳೆ ವಿಳಾಸಕ್ಕೆ ಹೋದ ನೋಟಿಸು ವಾಪಸಾಗಿ, ಗೈರುಹಾಜರಿ ಬಿದ್ದು, ಪ್ರಕರಣವೇ ಹಾಳಾಗುವುದು ಹೀಗೆಯೇ. ರಿಸೀವರ್ ಮಾಡಿದ ಯಾವುದೋ ಕೆಲಸ, ಉದಾಹರಣೆಗೆ ಆಸ್ತಿಯನ್ನು ತೀರ ಅಗ್ಗಕ್ಕೆ ಮಾರಲು ಹೊರಟದ್ದು, ತಪ್ಪೆನಿಸಿದರೆ 68ನೇ ಕಲಂ ಕೆಳಗೆ ಕೋರ್ಟಿಗೆ ಹೇಳಿಕೊಳ್ಳಬಹುದು. ಅದಕ್ಕೆ ಇರುವುದು 21 ದಿನ ಮಾತ್ರ.

ಸಂಸಾರ ನಡೆಯುವುದು ಹೇಗೆ

ಎಲ್ಲವನ್ನೂ ಕಿತ್ತುಕೊಳ್ಳುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಯಾವುದನ್ನು ಜಪ್ತಿ ಮಾಡಬಾರದು ಎನ್ನುತ್ತದೋ ಅದು ದಿವಾಳಿಯಲ್ಲೂ ನಿಮಗೇ ಉಳಿಯುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯದ ಒಡವೆ, ಕುಶಲಕರ್ಮಿಯ ಉಪಕರಣಗಳು, ರೈತನ ನೇಗಿಲು, ದುಡಿಯುವ ಎತ್ತು, ಬಿತ್ತನೆ ಬೀಜ, ರೈತ ಅಥವಾ ಕೂಲಿಕಾರ ವಾಸವಿರುವ ಸ್ವಂತ ಮನೆ, ಭವಿಷ್ಯ ನಿಧಿ, ಜೀವ ವಿಮೆಯ ಹಣ ಈ ಪಟ್ಟಿಯಲ್ಲಿವೆ. ಲೆಕ್ಕದ ಪುಸ್ತಕಕ್ಕೆ ಮಾತ್ರ ಈ ವಿನಾಯಿತಿ ಇಲ್ಲ, ಅದು ರಿಸೀವರ್‌ಗೆ ಸೇರಬೇಕು.

ಕೂಲಿ ಪೂರ್ತಿ ನಿಮ್ಮದೇ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದುದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. ತಿಂಗಳಿಗೆ 25,000 ಬರುತ್ತಿದ್ದರೆ 1,000 ತೆಗೆದಿಟ್ಟು, ಉಳಿದ 24,000ದಲ್ಲಿ 16,000, ಒಟ್ಟು 17,000 ಸುರಕ್ಷಿತ. ಇದರ ಮೇಲೆ, ಆಸ್ತಿಯಿಂದ ಬರುವ ಹಣದಲ್ಲಿ ನಿಮ್ಮ ಕುಟುಂಬದ ಹೊಟ್ಟೆಬಟ್ಟೆಗೆ ಭತ್ಯೆ ಕೊಡಲು 66ನೇ ಕಲಂ ಕೋರ್ಟಿಗೆ ಅಧಿಕಾರ ಕೊಟ್ಟಿದೆ. ಇದನ್ನು ಕೇಳುವವರೇ ಕಡಿಮೆ. ಮಕ್ಕಳ ಶಾಲೆ ಶುಲ್ಕ, ವಯಸ್ಸಾದ ತಂದೆತಾಯಿಯ ಔಷಧಿ ಖರ್ಚಿನ ರಸೀದಿ ಜೋಡಿಸಿ ಕೇಳಿ.

ಕಾಯುವ ಕಾಲದಲ್ಲಿ ಹೊಸದಾಗಿ ಬರುವ ಆಸ್ತಿಯೂ ರಿಸೀವರ್‌ಗೆ ಸೇರುತ್ತದೆ. ಅಪ್ಪ ತೀರಿಕೊಂಡು ನಿಮ್ಮ ಪಾಲಿಗೆ ಜಮೀನು ಬಂದರೆ ತಕ್ಷಣ ತಿಳಿಸಬೇಕು. ಅಣ್ಣತಮ್ಮಂದಿರು "ಹಕ್ಕು ಬಿಡುಗಡೆ ಪತ್ರ ಬರೆದುಕೊಡು, ಹೊರಗಿನವರ ಪಾಲಾಗೋದು ಬೇಡ" ಎಂದು ಒತ್ತಾಯಿಸಬಹುದು. ಡಿಸ್ಚಾರ್ಜ್‌ಗೆ ಮೊದಲು ಅಂಥ ಪತ್ರಕ್ಕೆ ಸಹಿ ಹಾಕಿದರೆ ನೀವೂ ಅವರೂ ತೊಂದರೆಗೆ ಸಿಲುಕುತ್ತೀರಿ.

ಹೊಸ ಸಾಲ: 50 ರೂಪಾಯಿಯ ಗೆರೆ

72ನೇ ಕಲಂ ಪ್ರಕಾರ ಡಿಸ್ಚಾರ್ಜ್ ಆಗದ ದಿವಾಳಿದಾರರು ಆ ಸಂಗತಿಯನ್ನು ಹೇಳದೆ ಯಾರಿಂದಲಾದರೂ 50 ರೂಪಾಯಿ ಅಥವಾ ಹೆಚ್ಚಿನ ಸಾಲ ಪಡೆದರೆ ಅಪರಾಧ. ಆರು ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ ಆಗಬಹುದು. 1920ರ 50 ರೂಪಾಯಿ ಇಂದಿಗೂ 50 ರೂಪಾಯಿಯಾಗಿಯೇ ಇದೆ. ಈ ಮಿತಿಯನ್ನು ಏರಿಸದೇ ಬಿಟ್ಟದ್ದು ಬಡವರಿಗೆ ಆಗಿರುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಕಾನೂನು ಇರುವವರೆಗೆ ಪಾಲಿಸಬೇಕು. ಅಂಗಡಿಯ ಉದ್ರಿ ಲೆಕ್ಕವನ್ನೂ ನಿಲ್ಲಿಸಿ, ಕಾಸು ಕೊಟ್ಟೇ ಸಾಮಾನು ತನ್ನಿ. ಕ್ರೆಡಿಟ್ ಕಾರ್ಡ್, "ಈಗ ಕೊಳ್ಳಿ ಆಮೇಲೆ ಕೊಡಿ" ಎನ್ನುವ ಆ್ಯಪುಗಳು, ಹೊಸ ಚೀಟಿ ಯಾವುದೂ ಬೇಡ. ತೀರ ಅನಿವಾರ್ಯವಾಗಿ ಯಾರಲ್ಲಾದರೂ ಕೇಳಬೇಕಾದರೆ ನಿಮ್ಮ ಸ್ಥಿತಿಯನ್ನು ಬರಹದಲ್ಲಿ ತಿಳಿಸಿ.

ಈ ಅವಧಿಯಲ್ಲಿ ಕಂಪನಿಯ ನಿರ್ದೇಶಕರಾಗುವಂತಿಲ್ಲ. ಸಂವಿಧಾನದ 102 ಮತ್ತು 191ನೇ ವಿಧಿಗಳ ಪ್ರಕಾರ ಸಂಸತ್ತಿಗೆ, ವಿಧಾನಸಭೆಗೆ ಅನರ್ಹತೆ ಇದೆ. ಸ್ಥಳೀಯ ಸಂಸ್ಥೆಗಳ ಹುದ್ದೆಗಳಿಗೂ 1920ರ ಕಾಯ್ದೆ ತಡೆ ಹಾಕುತ್ತದೆ.

ಡಿಸ್ಚಾರ್ಜ್ ಅರ್ಜಿ: ಏನು ಬರೆಯಬೇಕು

ದಿವಾಳಿ ಆದೇಶವಾದ ಮೇಲೆ ಯಾವಾಗ ಬೇಕಾದರೂ 41ನೇ ಕಲಂ ಕೆಳಗೆ ಅರ್ಜಿ ಹಾಕಬಹುದು, ನಿಗದಿತ ಅವಧಿಯೊಳಗೆ ಹಾಕಲೇಬೇಕು. ರಿಸೀವರ್ ಕೆಲಸ ಬಹುಪಾಲು ಮುಗಿದ ಮೇಲೆ, ಕೊನೆಯ ದಿನಕ್ಕೆ ಇನ್ನೂ ಒಂದೆರಡು ತಿಂಗಳು ಇರುವಾಗ ಹಾಕುವುದು ಒಳ್ಳೆಯದು. ರಿಸೀವರ್ ಕೆಲಸ ಮುಗಿಯದಿದ್ದರೂ ಅವಧಿ ಹತ್ತಿರ ಬಂದರೆ ಕಾಯಬೇಡಿ, ಅರ್ಜಿ ಹಾಕಿಬಿಡಿ.

ಅರ್ಜಿ ಬರೆಸುವಾಗ 42ನೇ ಕಲಮನ್ನು ಎದುರಿಗಿಟ್ಟುಕೊಳ್ಳಬೇಕು. ಯಾವ ಸಂದರ್ಭದಲ್ಲಿ ಕೋರ್ಟು ಷರತ್ತಿಲ್ಲದ ಬಿಡುಗಡೆ ಕೊಡುವಂತಿಲ್ಲ ಎಂದು ಅದು ಹೇಳುತ್ತದೆ. ಮೊದಲನೆಯದು ಎಂಟಾಣೆ ಲೆಕ್ಕ: ಭದ್ರತೆಯಿಲ್ಲದ ಸಾಲದಲ್ಲಿ ರೂಪಾಯಿಗೆ ಎಂಟಾಣೆಯಷ್ಟಾದರೂ, ಅಂದರೆ ಅರ್ಧದಷ್ಟು, ಬೆಲೆಯ ಆಸ್ತಿ ನಿಮ್ಮಲ್ಲಿರಬೇಕು. ಅಂಥ ಸಾಲ 12 ಲಕ್ಷ ಇದ್ದು ಆಸ್ತಿ 3 ಲಕ್ಷದ್ದಾದರೆ ಅದು ನಾಲ್ಕಾಣೆ. ಬಹುತೇಕ ಎಲ್ಲರೂ ಇಲ್ಲೇ ಸಿಕ್ಕಿಬೀಳುತ್ತಾರೆ, ಅರ್ಧ ತೀರಿಸುವಷ್ಟಿದ್ದರೆ ಎಷ್ಟೋ ಜನ ದಿವಾಳಿಗೇ ಬರುತ್ತಿರಲಿಲ್ಲ. ಆದರೆ ಅದೇ ವಾಕ್ಯದಲ್ಲಿ ದಾರಿಯೂ ಇದೆ. ಕೊರತೆಗೆ ಕಾರಣ ನಿಮ್ಮನ್ನು ಹೊಣೆ ಮಾಡಲಾಗದಂಥ ಪರಿಸ್ಥಿತಿ ಎಂದು ಕೋರ್ಟಿಗೆ ಮನವರಿಕೆ ಮಾಡಿಕೊಟ್ಟರೆ ಈ ಅಡ್ಡಿ ಸರಿಯುತ್ತದೆ. ನಿಮ್ಮ ಅರ್ಜಿಯ ಹೃದಯ ಇದೇ. ಕೊಳವೆಬಾವಿ ಬತ್ತಿದ್ದಕ್ಕೆ, ಬೆಳೆ ನಷ್ಟಕ್ಕೆ ಕಂದಾಯ ಇಲಾಖೆಯ ದಾಖಲೆ, ಆಸ್ಪತ್ರೆಯ ಬಿಲ್ಲು ಮತ್ತು ಡಿಸ್ಚಾರ್ಜ್ ಸಾರಾಂಶ, ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದಕ್ಕೆ ಆ ತಿಂಗಳುಗಳ ಜಿಎಸ್‌ಟಿ ರಿಟರ್ನು, ಬೆಂಕಿ ಅನಾಹುತವಾದರೆ ಅಗ್ನಿಶಾಮಕ ಠಾಣೆಯ ವರದಿ, ಮೋಸ ಹೋಗಿದ್ದರೆ ಎಫ್‌ಐಆರ್. "ನನ್ನ ಗ್ರಹಚಾರ ಸರಿ ಇರಲಿಲ್ಲ ಸ್ವಾಮಿ" ಎಂಬ ಮಾತಿಗಿಂತ ಒಂದು ರಸೀದಿ ಹೆಚ್ಚು ಕೆಲಸ ಮಾಡುತ್ತದೆ.

ಉಳಿದ ಅಡ್ಡಿಗಳು ನಡತೆಗೆ ಸೇರಿದವು. ಹಿಂದಿನ ಮೂರು ವರ್ಷ ವ್ಯಾಪಾರಕ್ಕೆ ತಕ್ಕ ಲೆಕ್ಕ ಬರೆದಿಡದಿರುವುದು, ದಿವಾಳಿಯಾಗಿದ್ದೇನೆಂದು ಗೊತ್ತಿದ್ದೂ ವ್ಯಾಪಾರ ಮುಂದುವರಿಸಿದ್ದು, ತೀರಿಸುವ ಭರವಸೆಯೇ ಇಲ್ಲದೆ ಸಾಲ ಮಾಡಿದ್ದು, ಆಸ್ತಿ ಎಲ್ಲಿ ಹೋಯಿತೆಂದು ಸರಿಯಾಗಿ ಹೇಳಲಾಗದಿರುವುದು, ಸಟ್ಟಾ, ಜೂಜು, ದುಂದುವೆಚ್ಚ, ಹಿಂದೆ ಒಮ್ಮೆ ದಿವಾಳಿಯಾಗಿದ್ದದ್ದು, ಆಸ್ತಿ ಬಚ್ಚಿಟ್ಟದ್ದು ಅಥವಾ ವಂಚನೆ. ಆನ್‌ಲೈನ್ ರಮ್ಮಿ, ಬೆಟ್ಟಿಂಗ್, ಷೇರು ಪೇಟೆಯ ಆಪ್ಷನ್ ವ್ಯವಹಾರದಲ್ಲಿ ಹಣ ಕಳೆದವರು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದು ಕಾಣುತ್ತದೆ ಎಂಬುದನ್ನು ಮರೆಯಬಾರದು. ಇವುಗಳಲ್ಲಿ ಯಾವುದಾದರೂ ನಿಮಗೆ ಅನ್ವಯಿಸಿದರೆ ವಕೀಲರಿಗೆ ಮೊದಲೇ ಹೇಳಿ. ಅಡ್ಡಿ ಇದ್ದಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ಷರತ್ತುಸಹಿತ ಅಥವಾ ಮುಂದೂಡಿದ ಬಿಡುಗಡೆಗೆ ಅವಕಾಶ ಇದ್ದೇ ಇರುತ್ತದೆ.

ಅರ್ಜಿಯ ಕೋರಿಕೆಯಲ್ಲಿ ಇನ್ನೊಂದನ್ನೂ ಸೇರಿಸಿ: ದಿವಾಳಿತನ ದುರದೃಷ್ಟದಿಂದ ಆದದ್ದು, ಯಾವ ದುರ್ನಡತೆಯೂ ಇಲ್ಲ ಎಂಬ ಪ್ರಮಾಣಪತ್ರ. 73ನೇ ಕಲಂ ಹೇಳುವ ಹುದ್ದೆಗಳ ಅನರ್ಹತೆ ಹೋಗಬೇಕಾದರೆ ಡಿಸ್ಚಾರ್ಜ್ ಜೊತೆಗೆ ಈ ಪ್ರಮಾಣಪತ್ರ ಬೇಕು.

ವಿಚಾರಣೆಯ ದಿನ

ಅರ್ಜಿ ಬಂದ ಮೇಲೆ ಕೋರ್ಟು ಒಂದು ದಿನ ಗೊತ್ತುಮಾಡಿ ಪ್ರಕಟಿಸುತ್ತದೆ. ಸಾಲ ಕೊಟ್ಟವರು ಬಂದು ತಕರಾರು ಹೇಳಬಹುದು. ನೀವು ಖುದ್ದಾಗಿ ಹೋಗಿ. ಮದುವೆ, ಜಾತ್ರೆ, ಊರಿನ ಕೆಲಸ ಯಾವುದೂ ಇದಕ್ಕಿಂತ ಮುಖ್ಯವಲ್ಲ. ಆಸ್ಪತ್ರೆಗೆ ಸೇರಿದ್ದರೆ ಅದೇ ದಿನ ವಕೀಲರ ಮೂಲಕ ವೈದ್ಯರ ಪತ್ರ ಸಲ್ಲಿಸಿ ಬೇರೆ ವಾಯಿದೆ ಕೇಳಿ.

ಪಾಟೀ ಸವಾಲಿನಲ್ಲಿ ಸಾಲ ಕೊಟ್ಟವರ ವಕೀಲರು ಸಾಮಾನ್ಯವಾಗಿ ಹಿಡಿಯುವುದು ಮೂರು ಎಳೆ: ಸಾಲ ತಂದ ಹಣ ಎಲ್ಲಿಗೆ ಹೋಯಿತು, ಮನೆಯವರ ಹೆಸರಿನಲ್ಲಿ ಏನಿದೆ, ಈಗ ಸಂಸಾರ ಹೇಗೆ ನಡೆಯುತ್ತಿದೆ. ಸಾಲ ಪಡೆದ ದಿನದಿಂದ ಹಣದ ಜಾಡನ್ನು ಒಂದು ಹಾಳೆಯಲ್ಲಿ ಬರೆದು ಓದಿಕೊಂಡು ಹೋಗಿ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಿ, ಊಹಿಸಿ ಹೇಳಬೇಡಿ. ಎದುರಿಗೆ ಕೂತವರಲ್ಲಿ ನಿಮಗೆ ಕಷ್ಟಕಾಲದಲ್ಲಿ ಹಣ ಕೊಟ್ಟು ಈಗ ಕಳೆದುಕೊಂಡವರೂ ಇರುತ್ತಾರೆ. ಅವರ ಸಿಟ್ಟಿಗೆ ಸಿಟ್ಟಿನಿಂದ ಉತ್ತರಿಸಬಾರದು.

ಕೋರ್ಟು ಪೂರ್ತಿ ಬಿಡುಗಡೆ ಕೊಡಬಹುದು, ನಿರಾಕರಿಸಬಹುದು, ಬಿಡುಗಡೆ ಕೊಟ್ಟು ಅದು ಇಂತಿಷ್ಟು ಕಾಲದ ನಂತರ ಜಾರಿಗೆ ಬರಲಿ ಎನ್ನಬಹುದು, ಅಥವಾ ಮುಂದಿನ ಸಂಪಾದನೆಯಲ್ಲಿ, ಮುಂದೆ ಬರುವ ಆಸ್ತಿಯಲ್ಲಿ ಇಷ್ಟು ಪಾಲು ಕೊಡಬೇಕೆಂದು ಷರತ್ತು ಹಾಕಬಹುದು. ಕೊನೆಯ ಎರಡನ್ನು ಒಟ್ಟಿಗೇ ವಿಧಿಸುವುದೂ ಉಂಟು. ಷರತ್ತಿನ ಮಾತು ಬಂದಾಗ ನಿಮ್ಮ ತಿಂಗಳ ಖರ್ಚಿನ ಪಟ್ಟಿ ಕೈಯಲ್ಲಿರಲಿ. ಕೊಡಲಾಗದ ಕಂತಿಗೆ ಒಪ್ಪಿಬಂದು ಮೂರನೇ ತಿಂಗಳಿಗೆ ತಪ್ಪುವುದಕ್ಕಿಂತ, ಆಗುವಷ್ಟನ್ನೇ ಹೇಳುವುದು ಎಲ್ಲರಿಗೂ ಒಳ್ಳೆಯದು.

ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಇದೆ. ಕೆಳಗಿನ ಕೋರ್ಟಿನ ಆದೇಶಕ್ಕೆ ಜಿಲ್ಲಾ ನ್ಯಾಯಾಲಯದಲ್ಲಿ 30 ದಿನ, ಜಿಲ್ಲಾ ನ್ಯಾಯಾಲಯದ ಆದೇಶಕ್ಕೆ ಹೈಕೋರ್ಟಿನಲ್ಲಿ 90 ದಿನ.

ಡಿಸ್ಚಾರ್ಜ್ ಬಿಟ್ಟು ಇನ್ನೊಂದು ದಾರಿಯೂ ಇದೆ. ಸಾಲ ಕೊಟ್ಟವರೊಂದಿಗೆ ರಾಜಿ ಪ್ರಸ್ತಾಪ ಇಡಬಹುದು. ಸಾಲ ರುಜುವಾತಾದವರಲ್ಲಿ ತಲೆ ಲೆಕ್ಕದಲ್ಲಿ ಬಹುಮತ ಮತ್ತು ಮೊತ್ತದ ಲೆಕ್ಕದಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಿ, ಕೋರ್ಟೂ ಒಪ್ಪಿದರೆ ದಿವಾಳಿ ಆದೇಶ ರದ್ದಾಗಿ ರಾಜಿಯ ಪ್ರಕಾರ ಎಲ್ಲ ನಡೆಯುತ್ತದೆ. ಮಗ, ಮಗಳು ದುಡಿಯಲು ಶುರುಮಾಡಿ ಒಂದಿಷ್ಟು ಹಣ ಹೊಂದಿಸಬಲ್ಲ ಮನೆಗಳಿಗೆ ಇದನ್ನೇ ಮೊದಲು ಯೋಚಿಸಿ ಎನ್ನುತ್ತೇನೆ.

ಬಿಡುಗಡೆಯಾದ ಮೇಲೂ ಉಳಿಯುವುದು

ಸರ್ಕಾರಕ್ಕೆ ಕೊಡಬೇಕಾದ ಬಾಕಿ, ವಂಚನೆಯಿಂದ ಆದ ಸಾಲ, ಹೆಂಡತಿ ಮಕ್ಕಳಿಗೆ ಕೊಡಬೇಕೆಂದು ಮ್ಯಾಜಿಸ್ಟ್ರೇಟ್ ಆದೇಶಿಸಿದ ಜೀವನಾಂಶ, ಇವು ಡಿಸ್ಚಾರ್ಜ್‌ನಿಂದ ಹೋಗುವುದಿಲ್ಲ. ನಿಮ್ಮ ಸಾಲಕ್ಕೆ ಜಾಮೀನು ನಿಂತವರಿಗೂ, ಪಾಲುದಾರರಿಗೂ ನಿಮ್ಮ ಬಿಡುಗಡೆಯ ಲಾಭ ಸಿಗದು. ಬ್ಯಾಂಕಿನವರು ನಿಮ್ಮನ್ನು ಬಿಟ್ಟು ಜಾಮೀನು ಹಾಕಿದ ಸೋದರಮಾವನ ಮನೆಗೆ ಹೋಗುತ್ತಾರೆ. ಈ ವಿಷಯವನ್ನು ಅವರು ಅಂಚೆಯಲ್ಲಿ ಬಂದ ನೋಟಿಸಿನಿಂದ ತಿಳಿಯುವಂತಾಗಬಾರದು. ದಿವಾಳಿ ಆದೇಶವಾದ ವಾರದಲ್ಲೇ ಹೋಗಿ ಎದುರು ಕೂತು ಹೇಳಿ. ಅವರಿಗೂ ವಕೀಲರನ್ನು ಕಾಣಲು, ಬ್ಯಾಂಕಿನೊಂದಿಗೆ ಮಾತಾಡಲು ಸಮಯ ಸಿಗುತ್ತದೆ.

ವಕೀಲರ ಶುಲ್ಕಕ್ಕೂ ಹಣವಿಲ್ಲದವರು ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅದರ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ, ಉಳಿದವರಿಗೆ ಆದಾಯ ಮಿತಿ ಇದೆ. ಸಹಾಯವಾಣಿ 15100. ಈ ಕಾಲದಲ್ಲಿ ನಿದ್ದೆ ಬಾರದಿರುವುದು, ಬದುಕೇ ಸಾಕೆನಿಸುವುದು ಉಂಟು. ಅಂಥ ಯೋಚನೆ ಬಂದರೆ ಹಗಲಾಗಲಿ ರಾತ್ರಿಯಾಗಲಿ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಮನೆಯವರು ಈ ಸಂಖ್ಯೆಯನ್ನು ತಮ್ಮ ಫೋನಿನಲ್ಲೂ ಇಟ್ಟುಕೊಳ್ಳಲಿ.

ಆದೇಶ ಕೈಗೆ ಬಂದ ಮೇಲೆ

ಡಿಸ್ಚಾರ್ಜ್ ಆದೇಶದ ದೃಢೀಕೃತ ಪ್ರತಿಗಳನ್ನು ಪಡೆದು, ಪಟ್ಟಿಯಲ್ಲಿದ್ದ ಪ್ರತಿ ಬ್ಯಾಂಕಿಗೂ ಫೈನಾನ್ಸಿಗೂ ಒಂದು ಪತ್ರದ ಜೊತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಎಲ್ಲೋ ಹಳೆಯ ಅಮಲ್ಜಾರಿ (ಡಿಕ್ರಿ ಹಣ ವಸೂಲಿಯ) ಪ್ರಕರಣ ಬಾಕಿ ಇದ್ದರೆ ಆ ಕೋರ್ಟಿಗೂ ಒಂದು ಪ್ರತಿ ಸಲ್ಲಿಸಿ ಮುಕ್ತಾಯ ಮಾಡಿಸಿ. ಷರತ್ತಿದ್ದರೆ ಪ್ರತಿ ಕಂತಿನ ರಸೀದಿಯನ್ನೂ ಜೋಪಾನ ಮಾಡಿ.

ಆಮೇಲೆ ಸಿಬಿಲ್ ವರದಿ, ಅಂದರೆ ನಿಮ್ಮ ಸಾಲದ ಇತಿಹಾಸದ ವರದಿ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತರಿಸಿ ನೋಡಿ. ಬಿಡುಗಡೆಯಾದ ಸಾಲ ಇನ್ನೂ ಬಾಕಿ ಎಂದು ಕಾಣುತ್ತಿದ್ದರೆ ಆದೇಶದ ಪ್ರತಿ ಲಗತ್ತಿಸಿ ದೂರು ಹಾಕಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಹಳೆಯ ಸುಸ್ತಿಯ ದಾಖಲೆ ಮಾತ್ರ ಕೂಡಲೇ ಅಳಿಯುವುದಿಲ್ಲ, ಈ ಸಂಸ್ಥೆಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತವೆ. ಅಲ್ಲಿಯವರೆಗೆ ಒಂದು ಉಳಿತಾಯ ಖಾತೆಯನ್ನು ಚೊಕ್ಕವಾಗಿ ನಡೆಸಿ. ಮುಂದೆ ಸಾಲ ಬೇಕೇ ಬೇಕಾದರೆ ಠೇವಣಿಯ ಮೇಲೆ ಕೊಡುವ ಸಣ್ಣ ಕಾರ್ಡಿನಿಂದ ಶುರುಮಾಡಿ, ಅದರ ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟಿ.